ಕಾರು ತಗ್ಗಿಸಿದ ಮೇಲೆ ಮುಂದಿನ ಚಕ್ರದ ಲೆಕ್ಕ: ಹಾಲಿಹಿಲ್‌ಗೆ ಹೋದವರೂ ಗಲ್ಫಿನಲ್ಲಿರುವವರೂ ತಿಳಿಯಬೇಕಾದ್ದು

ಗಲ್ಫಿನಿಂದ ಐರ್ಲೆಂಡಿಗೆ ಹೋಗುವ ನಮ್ಮವರ ಸಂಖ್ಯೆ ಕಡಿಮೆ ಏನಲ್ಲ. ಕುವೈತ್, ಸೌದಿ ಆಸ್ಪತ್ರೆಗಳಲ್ಲಿ ನಾಲ್ಕೈದು ವರ್ಷ ದುಡಿದ ಮಂಗಳೂರು, ಉಡುಪಿ ಕಡೆಯ ನರ್ಸ್‌ಗಳು ಅಲ್ಲಿದ್ದಾರೆ, ಐಟಿ ಕೆಲಸದವರೂ ಇದ್ದಾರೆ. ಕಾರ್ಕ್ ನಗರದ ಉತ್ತರ ದಿಕ್ಕಿನ ಗುಡ್ಡದ ಮೇಲೆ ಹಾಲಿಹಿಲ್ ಇದೆ. ಆ್ಯಪಲ್ ಕಂಪೆನಿ 1980ರಿಂದ ಬೀಡುಬಿಟ್ಟಿರುವ ಜಾಗ ಅದು. ಏರು ತಗ್ಗಿನ ರಸ್ತೆ, ಮಳೆ, ರಾತ್ರಿ ಪಾಳಿ. ಇಷ್ಟಿದ್ದ ಮೇಲೆ ಕಾರು ಬೇಕೇ ಬೇಕು. ಹೊಸದಕ್ಕೆ ದುಡ್ಡು ಸಾಲುವುದಿಲ್ಲ, ಸೆಕೆಂಡ್ ಹ್ಯಾಂಡ್ ಹುಡುಕುತ್ತಾರೆ. ಅಲ್ಲಿನ ಹುಡುಗರು ಶೋಕಿಗೆ ತಗ್ಗಿಸಿದ ಗೋಲ್ಫ್, ಸಿವಿಕ್‌ಗಳೂ ಅದೇ ಮಾರುಕಟ್ಟೆಗೆ ಬರುತ್ತವೆ. ನೋಡಲು ಚೆಂದ, ರೇಟೂ ಹಿಡಿಸುತ್ತದೆ.

ತೊಂದರೆ ಶುರುವಾಗುವುದು ಎನ್‌ಸಿಟಿ ದಿನ. ಗಲ್ಫಿನಲ್ಲಿ ನಾವು ಪಾಸಿಂಗ್ ಅನ್ನುತ್ತೇವಲ್ಲ, ಹಾಗೆಯೇ ಅಲ್ಲಿ ಎನ್‌ಸಿಟಿ. 2000ದಲ್ಲಿ ಶುರುವಾದ ಈ ತಪಾಸಣೆ ಕಾರಿಗೆ ನಾಲ್ಕು ವರ್ಷ ತುಂಬಿದಾಗ ಮೊದಲು, ನಂತರ ಎರಡು ವರ್ಷಕ್ಕೊಮ್ಮೆ, ಹತ್ತು ವರ್ಷ ದಾಟಿದರೆ ಪ್ರತಿ ವರ್ಷ. ಎನ್‌ಸಿಟಿ ಇಲ್ಲದೆ ಓಡಿಸಿದರೆ ಲೈಸೆನ್ಸಿಗೆ 3 ಪೆನಾಲ್ಟಿ ಪಾಯಿಂಟ್. ತಪಾಸಣೆಯಲ್ಲಿ ಟೈರ್, ಸಸ್ಪೆನ್ಶನ್, ಹೆಡ್‌ಲೈಟಿನ ದಿಕ್ಕು ಎಲ್ಲ ನೋಡುತ್ತಾರೆ. ಜೊತೆಗೆ ಸೈಡ್ ಸ್ಲಿಪ್ ಅಂತ ಒಂದು ಪರೀಕ್ಷೆ ಇದೆ. ಮುಂದಿನ ಚಕ್ರಗಳನ್ನು ನೆಲದ ಮೇಲಿನ ಒಂದು ಪ್ಲೇಟ್ ಮೇಲೆ ಹಾಯಿಸುತ್ತಾರೆ. ಚಕ್ರ ನೇರ ಇಲ್ಲದಿದ್ದರೆ ಪ್ಲೇಟ್ ಪಕ್ಕಕ್ಕೆ ಸರಿಯುತ್ತದೆ. ಒಂದು ಕಿಲೋಮೀಟರಿಗೆ ಎಷ್ಟು ಮೀಟರ್ ಅಡ್ಡ ಎಳೆತ ಅಂತ ಲೆಕ್ಕ ಬರುತ್ತದೆ. ತಗ್ಗಿಸಿ ಹಾಗೇ ಬಿಟ್ಟ ಕಾರು ಸಿಕ್ಕಿಬೀಳುವುದು ಇಲ್ಲಿಯೇ.

ತಗ್ಗಿಸಿದರೆ ಚಕ್ರ ಯಾಕೆ ಓರೆ ಆಗಬೇಕು? ಸಾಧಾರಣ ಕಾರಿನ ಮುಂದಿನ ಚಕ್ರವನ್ನು ಮೇಲೆ ಒಂದು ಸ್ಟ್ರಟ್, ಕೆಳಗೆ ಒಂದು ಲೋವರ್ ಆರ್ಮ್ ಹಿಡಿದಿರುತ್ತವೆ. ಸ್ಟೇರಿಂಗ್ ತಿರುಗಿಸಲು ಟೈ ರಾಡ್ ಇರುತ್ತದೆ. ಗಿಡ್ಡ ಸ್ಪ್ರಿಂಗ್ ಹಾಕಿದಾಗ ಕಾರಿನ ಮೈ ಕೆಳಗೆ ಬರುತ್ತದೆ, ಚಕ್ರ ನೆಲದ ಮೇಲೆಯೇ ಇರುತ್ತದೆ. ಆರ್ಮ್ ಮತ್ತು ಟೈ ರಾಡ್ ಎರಡರ ಕೋನವೂ ಬದಲಾಗುತ್ತದೆ, ಆದರೆ ಎರಡರ ಉದ್ದ ಒಂದೇ ಅಲ್ಲ, ತಿರುಗುವ ಬಿಂದುವೂ ಒಂದೇ ಅಲ್ಲ. ಒಂದು ಸ್ವಲ್ಪ ಜಾಸ್ತಿ ತಳ್ಳುತ್ತದೆ, ಇನ್ನೊಂದು ಕಡಿಮೆ. ಹಾಗಾಗಿ ಸ್ಟೇರಿಂಗ್ ಮುಟ್ಟದಿದ್ದರೂ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿ ನಿಲ್ಲುತ್ತದೆ. ಇದೇ ಟೋ. ಚಕ್ರದ ಮೇಲಿನ ತುದಿ ಒಳಕ್ಕೆ ವಾಲುವುದು ಕ್ಯಾಂಬರ್. ಸಾಮಾನ್ಯವಾಗಿ ಎರಡೂ ಒಟ್ಟಿಗೆ ಬದಲಾಗುತ್ತವೆ.

ಜನ ಕ್ಯಾಂಬರ್ ನೋಡಿ ಹೆದರುತ್ತಾರೆ, ಯಾಕಂದರೆ ಅದು ಕಣ್ಣಿಗೆ ಕಾಣುತ್ತದೆ. ಟೈರ್ ತಿನ್ನುವುದರಲ್ಲಿ ದೊಡ್ಡ ಪಾಲು ಮಾತ್ರ ಕಣ್ಣಿಗೆ ಕಾಣದ ಟೋದ್ದು. ಲೆಕ್ಕ ಹಾಕಿ ನೋಡಿ. ಒಂದು ಚಕ್ರ ಬರೀ ಕಾಲು ಡಿಗ್ರಿ ಓರೆ ಇದ್ದರೂ ಒಂದು ಕಿಲೋಮೀಟರಿಗೆ ಸುಮಾರು 4 ಮೀಟರ್ ಅಡ್ಡಕ್ಕೆ ಉಜ್ಜಿದಷ್ಟಾಗುತ್ತದೆ. ವರ್ಷಕ್ಕೆ 15,000 ಕಿ.ಮೀ. ಓಡಿಸಿದರೆ 60 ಕಿ.ಮೀ.ಗಿಂತ ಹೆಚ್ಚು! ಟೈರ್ ಹೊರಗಡೆಯಿಂದ ಹೊಸದರಂತೆ ಕಂಡರೂ ಒಳ ಅಂಚಿನಲ್ಲಿ ದಾರ ಹೊರಬಂದಿರುತ್ತದೆ. ಕಾರ್ಕಿನ ಮಳೆಯಲ್ಲಿ ಅದು ಜಾರುತ್ತದೆ. ನಮ್ಮ ಮರುಭೂಮಿ ಹೈವೇಯಲ್ಲಿ, ಆಗಸ್ಟ್ ತಿಂಗಳ ಬಿಸಿಯಲ್ಲಿ, ಫ್ಯಾಮಿಲಿ ಕೂರಿಸಿಕೊಂಡು 120ರಲ್ಲಿ ಹೋಗುವಾಗ ಅದು ಒಡೆದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಕಾನೂನು ಮೂರು ಕಡೆ ಮೂರು ಥರ. ಯುಎಇಯಲ್ಲಿ 2017ರ ನಿಯಮದ ಪ್ರಕಾರ ಅನುಮತಿ ಇಲ್ಲದೆ ಎಂಜಿನ್ ಅಥವಾ ಚಾಸಿಸ್ ಬದಲಾಯಿಸಿದರೆ 1,000 ದಿರ್ಹಮ್ ದಂಡ, 12 ಬ್ಲ್ಯಾಕ್ ಪಾಯಿಂಟ್, 30 ದಿನ ಗಾಡಿ ಜಪ್ತಿ. ಅಬುಧಾಬಿಯಲ್ಲಿ 2020ರ ಕಾನೂನು ಬಂದ ಮೇಲೆ ಅಂಥ ಗಾಡಿ ಬಿಡಿಸಿಕೊಳ್ಳಲು 10,000 ದಿರ್ಹಮ್. ಊರಿನಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪೆನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ರಜೆಗೆ ಊರಿಗೆ ಹೋಗಿ ತಮ್ಮನ ಸ್ವಿಫ್ಟನ್ನು ತಗ್ಗಿಸಿ ಕೊಡುವ ಅಣ್ಣಂದಿರು ಇದನ್ನು ಮರೆಯಬಾರದು.

ಐರ್ಲೆಂಡಿನಲ್ಲಿ ತಗ್ಗಿಸಿದ ಗಾಡಿಗಳೂ ರಸ್ತೆಯಲ್ಲಿ ಓಡುತ್ತವೆ. ಆದರೆ ಬದಲಾವಣೆಯನ್ನು ಇನ್ಶೂರೆನ್ಸ್ ಕಂಪೆನಿಗೆ ತಿಳಿಸಬೇಕು, ಎನ್‌ಸಿಟಿಯಲ್ಲಿ ಪಾಸ್ ಆಗಬೇಕು. ತಿಳಿಸದೆ ಅಪಘಾತವಾದರೆ ಕ್ಲೇಮ್ ಕೈತಪ್ಪುವ ಅಪಾಯವಿದೆ. ನೀವು ತಗ್ಗಿಸಿದ್ದಲ್ಲ, ಹಿಂದಿನ ಮಾಲೀಕ ತಗ್ಗಿಸಿದ್ದು ಅಂದರೂ ಉತ್ತರ ಕೊಡಬೇಕಾದವರು ನೀವೇ. ಯಾವ ದೇಶದಲ್ಲಿದ್ದರೂ ಶೋಕಿ ಮೊದಲ ಮಾಲೀಕನದ್ದು, ಬಿಲ್ಲು ಎರಡನೆಯವನದ್ದು. ಆ ಎರಡನೆಯವರಲ್ಲಿ ಸಣ್ಣ ಸಂಬಳದ ನಮ್ಮವರೇ ಬಹಳ.

ಹಾಗಾದರೆ ಸರಿ ಮಾಡುವುದು ಹೇಗೆ? ಸ್ಪ್ರಿಂಗ್ ಬದಲಾಯಿಸಿದ ಮೇಲೆ ಕೆಲವು ನೂರು ಕಿಲೋಮೀಟರ್ ಓಡಿ ಅದು ಕೂರಬೇಕು. ಅಷ್ಟರವರೆಗೆ ಟೋ ಅಂದಾಜಿಗಾದರೂ ಸರಿ ಮಾಡಿಕೊಂಡು ನಿಧಾನ ಓಡಿಸಿ. ಆಮೇಲೆ ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿಸಿ, ಮುಂದಿನ ಎರಡಕ್ಕೆ ಮಾತ್ರ ಅಲ್ಲ. ಅದಕ್ಕೂ ಮೊದಲು ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಬುಷ್ ಸಡಿಲ ಇವೆಯಾ ನೋಡಿಸಿ. ಸಡಿಲ ಇದ್ದರೆ ಅಲೈನ್‌ಮೆಂಟ್ ನಿಲ್ಲುವುದಿಲ್ಲ, ಕೊಟ್ಟ ದುಡ್ಡು ನೀರಿಗೆ ಹಾಕಿದ ಹಾಗೆ. ಕೆಲಸ ಹಿಂದಿನ ಚಕ್ರದಿಂದ ಶುರುವಾಗಬೇಕು, ಆಮೇಲೆ ಮುಂದಿನ ಕ್ಯಾಂಬರ್, ಕೊನೆಗೆ ಟೋ. ಕ್ಯಾಂಬರ್ ಬದಲಾದರೆ ಟೋ ಕೂಡ ಬದಲಾಗುವುದರಿಂದ ಈ ಕ್ರಮ.

ಟೋ ಸರಿಮಾಡಲು ಟೈ ರಾಡ್ ಸಾಕು. ಕ್ಯಾಂಬರ್‌ಗೆ ಬಹಳ ಕಾರುಗಳಲ್ಲಿ ಕಂಪೆನಿ ಅಡ್ಜಸ್ಟ್‌ಮೆಂಟ್ ಇಟ್ಟಿರುವುದಿಲ್ಲ. ಆಗ ಕ್ಯಾಂಬರ್ ಬೋಲ್ಟ್ ಅಥವಾ ಸ್ಟ್ರಟ್ ಮೇಲಿನ ಅಡ್ಜಸ್ಟಬಲ್ ಪ್ಲೇಟ್ ಹಾಕಿಸಬೇಕು. ಅದೂ ಬದಲಾವಣೆಯೇ, ನಿಯಮ ನೋಡಿಕೊಂಡು ಹಾಕಿಸಿ. ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದ ಕಾರಾದರೆ ಅಲೈನ್‌ಮೆಂಟಿನ ಮಾತೇ ಬೇಡ, ಮೊದಲು ಸ್ಪ್ರಿಂಗ್ ಬದಲಾಯಿಸಿ. ಕತ್ತರಿಸಿದ್ದು ಗುಂಡಿಗೆ ಬಿದ್ದಾಗ ಜಾಗ ಬಿಟ್ಟು ಜಾರಬಹುದು. ಎಲ್ಲ ಮುಗಿದ ಮೇಲೆ ಹೆಡ್‌ಲೈಟ್ ದಿಕ್ಕು ಸರಿಪಡಿಸಿ. ಹೊಸ ಕಾರಾದರೆ ಗಾಜಿನ ಹಿಂದಿನ ಕ್ಯಾಮೆರಾದ ಕ್ಯಾಲಿಬ್ರೇಶನ್ ಕೂಡ ಕೇಳಿ.

ಅಲೈನ್‌ಮೆಂಟ್ ಮಾಡಿಸುವಾಗ ಮೊದಲಿನದ್ದು ಮತ್ತು ನಂತರದ್ದು, ಎರಡೂ ಅಳತೆಯ ಪ್ರಿಂಟ್ ತೆಗೆದುಕೊಳ್ಳಿ. ಕೊಡುವುದಿಲ್ಲ ಅನ್ನುವ ಗ್ಯಾರೇಜಿಗೆ ಹೋಗಲೇಬೇಡಿ. ಸೆಕೆಂಡ್ ಹ್ಯಾಂಡ್ ಕಾರು ನೋಡುವಾಗ ಸ್ಟೇರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಬಗ್ಗಿ, ಮುಂದಿನ ಟೈರಿನ ಒಳ ಅಂಚಿಗೆ ಕೈ ಹಾಕಿ ನೋಡಿ. ಒಳಗೆ ನುಣ್ಣಗೆ, ಹೊರಗೆ ಒರಟು ಅಂತಾದರೆ ಎರಡು ಟೈರ್, ಒಂದು ಅಲೈನ್‌ಮೆಂಟಿನ ಖರ್ಚನ್ನು ರೇಟಿನಿಂದ ಕಳೆಯಿರಿ, ಇಲ್ಲವೇ ಬೇರೆ ಕಾರು ನೋಡಿ. ತಗ್ಗಿಸುವ ಆಸೆ ಇರುವ ಹುಡುಗರಿಗೂ ಇಷ್ಟೇ ಮಾತು: ಸ್ಪ್ರಿಂಗಿಗೆ ದುಡ್ಡಿದೆ, ಅಲೈನ್‌ಮೆಂಟಿಗೆ ಇಲ್ಲ ಅಂತಾದರೆ ಸ್ಪ್ರಿಂಗಿಗೂ ದುಡ್ಡಿಲ್ಲ ಅಂತಲೇ ತಿಳಿಯಿರಿ.