ತೀರ್ಪು ಬರುವ ತನಕ

ಇಂಗ್ಲೆಂಡಿನಲ್ಲಿ ನೆಲೆಸಿರುವ ಸೋದರಿಯೊಬ್ಬರು ಕೇಳುತ್ತಾರೆ: ‘ಅತ್ತೆಯವರಿಗೆ ಮೆಟ್ಟಿಲು ಹತ್ತಲಾಗದು. ಹಿತ್ತಿಲ ಕಡೆ ಒಂದು ಕೋಣೆ ಕಟ್ಟಲು ಕೌನ್ಸಿಲ್ ಅನುಮತಿ ಕೊಡಲಿಲ್ಲ. ಅಪೀಲು ಹೋದರೆ ತೀರ್ಪು ಯಾವಾಗ ಬಂದೀತು? ಬಿಲ್ಡರ್ ಮುಂಗಡ ಕೇಳುತ್ತಿದ್ದಾನೆ.’

ಮುಂಗಡ ಈಗಲೇ ಕೊಡಬೇಡಿ, ತಾಯಿ. ವಾಸದ ಮನೆಗೆ ಕೋಣೆ ಸೇರಿಸುವ ಅರ್ಜಿ ತಿರಸ್ಕಾರವಾದರೆ, ಆ ಪತ್ರದ ತಾರೀಖಿನಿಂದ 12 ವಾರಗಳೊಳಗೆ ಅಪೀಲು ಸಲ್ಲಿಸಬೇಕು. ಆ ಗಡುವು ನಿಮಗೆ ಕಟ್ಟುನಿಟ್ಟು. ಪ್ಲಾನಿಂಗ್ ಇನ್‌ಸ್ಪೆಕ್ಟರೇಟಿನ ತೀರ್ಪಿಗಾದರೋ ತಿಂಗಳುಗಳೇ ಹಿಡಿಯಬಹುದು. ಇಂಥದೇ ದಿನ ಬರುತ್ತದೆಂದು ಯಾರೂ ಮಾತು ಕೊಡಲಾರರು. ಈ ಅಪೀಲಿಗೆ ಶುಲ್ಕವೇನೋ ಇಲ್ಲ. ಆದರೆ ಅತ್ತೆಯವರ ಮಂಡಿನೋವನ್ನಷ್ಟೇ ಬರೆದರೆ ಸಾಲದು. ತಿರಸ್ಕಾರಕ್ಕೆ ಕೊಟ್ಟಿರುವ ಒಂದೊಂದು ಕಾರಣಕ್ಕೂ ಉತ್ತರ ಬೇಕು.

ಮೊದಲು ಕೌನ್ಸಿಲಿನ ಅಧಿಕಾರಿಯನ್ನೇ ವಿಚಾರಿಸಿ, ನಕ್ಷೆಯಲ್ಲಿ ಏನು ಬದಲಿಸಿದರೆ ಒಪ್ಪುತ್ತೀರಿ ಅಂತ. ತಿದ್ದಿದ ನಕ್ಷೆಯೊಡನೆ ಹೊಸ ಅರ್ಜಿ ಹಾಕಿದರೆ ಸಾಮಾನ್ಯವಾಗಿ 8 ವಾರದಲ್ಲಿ ನಿರ್ಧಾರವಾಗಬೇಕು. ಅದಕ್ಕೆ ಶುಲ್ಕವುಂಟು. ಈ ಓಡಾಟದಲ್ಲಿ ಅಪೀಲಿನ ಗಡುವು ಮೀರದಂತೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ಅಲ್ಲಿಯವರೆಗೆ ನಡುಮನೆಯಲ್ಲೇ ಒಂದು ಮಂಚ ಹಾಕಿಬಿಡಿ. ಅತ್ತೆಯವರ ಮೊಣಕಾಲು ಯಾವ ತೀರ್ಪಿಗೂ ಕಾಯುವುದಿಲ್ಲ.