ನಿಂಬೆಹುಳಿಗೆ ಹುಳು ಸಾಯದು

ಈಶಾನ್ಯ ಥಾಯ್ಲೆಂಡಿನ ಇಸಾನ್ ಪ್ರದೇಶಕ್ಕೆ ಪ್ರವಾಸ ಹೋದರೆ ಅಲ್ಲಿನ ಬೀದಿಬದಿಯ ಪುಟ್ಟ ಹೋಟೆಲಿನಲ್ಲಿ ಅವಶ್ಯವಾಗಿ ಊಟ ಮಾಡಿ. ಅಂಟು ಅನ್ನ, ಕೆಂಡದಲ್ಲಿ ಸುಟ್ಟ ಕೋಳಿ, ಕಳಲೆಯ ಸಾರು ಎಲ್ಲವೂ ರುಚಿಕರ. ಆದರೆ ‘ಕೋಯ್ ಪ್ಲಾ’ ಮಾತ್ರ ಬೇಡ.

ಹೊಳೆ, ಕೆರೆಯ ಹಸಿ ಮೀನನ್ನು ಕೊಚ್ಚಿ, ನಿಂಬೆರಸ, ಖಾರ ಬೆರೆಸಿದ ಖಾದ್ಯವದು. ಆ ಮೀನಿನಲ್ಲಿ ಯಕೃತ್ತಿನ ಚಪ್ಪಟೆ ಹುಳುವಿನ ಮರಿಗಳಿರಬಹುದು. ಹುಳಿ, ಖಾರಕ್ಕೆ ಅವು ಸಾಯುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ. ಪಿತ್ತನಾಳ ಸೇರಿ ವರ್ಷಗಟ್ಟಲೆ ಬದುಕುವ ಈ ಹುಳು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ತೀರ್ಮಾನಿಸಿದೆ. ಪಿತ್ತನಾಳದ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚಾಗಿ ಕಾಣುವುದು ಈ ಭಾಗದಲ್ಲೇ.

ಹಸಿಯಾಗಿ ತಿಂದರೇ ಅಸಲಿ ರುಚಿ ಎಂಬ ಮಾತಿಗೆ ಮರುಳಾಗಬೇಡಿ. ಅದೇ ಹುಳಿ, ಅದೇ ಖಾರದ ‘ಲಾಪ್’ ಬೇಯಿಸಿದ ಮಾಂಸದಲ್ಲೂ ಸಿಗುತ್ತದೆ. ಥಾಯ್ ಭಾಷೆಯಲ್ಲಿ ‘ಸುಕ್’ ಎಂದರೆ ಬೆಂದದ್ದು. ಅದೊಂದು ಪದ ಕಲಿತು ಹೋಗಿ.