ಎರಡನೆಯ ಎಕೋ



ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡು ನಂಜನಗೂಡಿಗೆ ಮರಳಿದ ನಮ್ಮ ಭಾವನವರು ಎರಡು ವಾರದ ನಂತರ ಮೈಸೂರಿಗೆ ಹೋಗಿ ಮತ್ತೊಮ್ಮೆ ಎಕೋ ಮಾಡಿಸಬೇಕಿತ್ತು. ವೈದ್ಯರು ಚೀಟಿಯಲ್ಲಿ ಹಾಗೆಂದೇ ಬರೆದಿದ್ದರು. "ಚೆನ್ನಾಗಿಯೇ ಇದ್ದೇನಲ್ಲ ಮೇಷ್ಟ್ರೇ, ದೊಡ್ಡ ಜಾತ್ರೆ ಕಳೆಯಲಿ" ಎಂದರು. ಮೂವತ್ತು ವರ್ಷ ವಿಜ್ಞಾನ ಬೋಧಿಸಿದ ನಾನೂ ಹೂಂಗುಟ್ಟಿದೆ. ಹಕೀಮ ನಂಜುಂಡನಿಗೆ ಹೊತ್ತ ಹರಕೆ ತೀರಿತು, ಚೀಟಿ ಗೂಡಿನಲ್ಲೇ ಉಳಿಯಿತು. ತೇರಿನ ಮೂರನೆಯ ದಿನ ಅವರ ಬಲಗೈಯಿಂದ ಕಾಫಿ ಲೋಟ ಜಾರಿತು, ಮಾತು ತೊದಲಿತು. ಹೃದಯದೊಳಗಿನ ಹೆಪ್ಪಿನ ಚೂರೊಂದು ಮೆದುಳಿನ ರಕ್ತನಾಳವನ್ನು ಮುಚ್ಚಿತ್ತು.

ಸ್ಟೆಂಟ್ ತೆರೆಯುವುದು ಹೃದಯಕ್ಕೆ ರಕ್ತ ಒದಗಿಸುವ ನಾಳವನ್ನು. ಈ ಹೆಪ್ಪು ಕಟ್ಟುವುದು ಎಡ ಹೃತ್ಕುಕ್ಷಿಯೊಳಗೆ. ಹೃದಯದ ಮುಂಭಾಗದ ಸ್ನಾಯು ಘಾಸಿಗೊಂಡಾಗ ಅದರ ತುದಿ ಸರಿಯಾಗಿ ಮಿಡಿಯದೆ, ಹರಿವು ಸೋತ ಕಪಿಲೆಯ ಮಡುವಿನಲ್ಲಿ ಕಸಕಡ್ಡಿ ತಂಗುವಂತೆ, ರಕ್ತ ಅಲ್ಲಿ ನಿಂತು ಹೆಪ್ಪುಗಟ್ಟುತ್ತದೆ. ಬಹುಪಾಲು ಮೊದಲ ಎರಡು ವಾರಗಳಲ್ಲಿ, ನೋವಿಲ್ಲದೆ. ಮೊದಲ ದಿನದ ಎಕೋದಲ್ಲಿ ಅದು ಕಾಣದಿರಬಹುದು. ಅನುಮಾನವಿದ್ದರೆ ಹೃದಯದ ಎಂಆರ್‌ಐ ಹೆಚ್ಚು ನಿಖರ. ಹೆಪ್ಪು ಕಂಡರೆ ಸಾಮಾನ್ಯವಾಗಿ 3 ತಿಂಗಳು ಹೆಪ್ಪುರೋಧಕ ಮಾತ್ರೆ ಕೊಟ್ಟು, ಪುನಃ ಎಕೋ ಮಾಡುತ್ತಾರೆ. ಮಾತ್ರೆ ವಾರ್ಫರಿನ್ ಆದರೆ ರಕ್ತದ ಐಎನ್‌ಆರ್ 2ರಿಂದ 3ರೊಳಗಿರಬೇಕು. (ಬಸ್ಸಾರು ಬಿಡಬೇಕಿಲ್ಲ. ಒಂದು ವಾರ ದಿನವೂ ಸೊಪ್ಪು ಉಂಡು ಮರುವಾರ ಮುಟ್ಟದಿದ್ದರೆ ಲೆಕ್ಕ ತಪ್ಪುತ್ತದೆ.)

2025ರಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಹಬ್ಬಿದಾಗ ಆರೋಗ್ಯವಂತರೂ ನಸುಕಿನಲ್ಲೇ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಆಘಾತವನ್ನೇ ಕಂಡವರು ಮರುತಪಾಸಣೆಗೆ ಹೋಗಲು ಮೀನಮೇಷ ಎಣಿಸುತ್ತಾರೆ. ಅವರನ್ನಷ್ಟೇ ದೂರಲಾರೆ. ಅರೆಜೀವದ ರೋಗಿಯನ್ನು ಬಸ್ಸು ಹತ್ತಿಸಿ, ಒಬ್ಬರ ಕೂಲಿ ಕಳೆದುಕೊಂಡು, ದಿನವಿಡೀ ಕಾಯುವುದು ಸುಲಭವಲ್ಲ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯು ಇಸಿಜಿಯನ್ನೂ ನಾಳದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನೂ ತಾಲ್ಲೂಕು ಆಸ್ಪತ್ರೆಗಳಿಗೆ ತಂದಿದೆ. ಮೆಚ್ಚತಕ್ಕ ಕೆಲಸ. ಆದರೆ ಮೊದಲ ಗಂಟೆಗೆ ದೊರೆತ ಈ ಮಾನ್ಯತೆ ಮುಂದಿನ ಮೂರು ತಿಂಗಳಿಗೂ ದೊರೆಯಬೇಕು. ನಂಜನಗೂಡು, ತಿ. ನರಸೀಪುರದಂಥ ಪ್ರತಿ ತಾಲ್ಲೂಕಿನಲ್ಲೂ ವಾರಕ್ಕೊಂದು ದಿನ ಐಎನ್‌ಆರ್ ಮತ್ತು ಎಕೋ ತಪಾಸಣೆಗೆ ಮೀಸಲಾಗಲಿ. ಬಾರದವರಿಗೆ ಆಸ್ಪತ್ರೆಯೇ ಫೋನ್ ಮಾಡಲಿ. ಗೈರುಹಾಜರಾದ ಹುಡುಗರ ಮನೆಗೆ ನಾವು ಸೈಕಲ್ ತುಳಿದು ಹೋಗುತ್ತಿರಲಿಲ್ಲವೇ? ಆರೋಗ್ಯ ಇಲಾಖೆಯಲ್ಲಿರುವ ನನ್ನ ಶಿಷ್ಯರು ಇದನ್ನು ಮೇಲಿನವರ ಕಿವಿಗೆ ಹಾಕಬೇಕೆಂದು ಕೋರುತ್ತೇನೆ.

ಭಾವನವರಿಗೆ ಅರ್ಧ ಮಾತು ಮರಳಿದೆ. ನಾಳೆ ಅವರ ಐಎನ್‌ಆರ್ ಪರೀಕ್ಷೆ; ಮೊದಲ ಬಸ್ಸಿಗೆ ನಾನೂ ಜೊತೆಗೆ ಹೊರಡುತ್ತೇನೆ.